ಹೆಸರು ಬರುವ ಮುನ್ನ

ಇದು ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಭಾಲ್ಕಿಯಲ್ಲಿ ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ ಒಂದು ಟಾಕೀಜು ಇತ್ತು, ಅದರ ಹಿಂಬಾಗಿಲಿಗೆ ದಪ್ಪನೆಯ ಕಪ್ಪು ಪರದೆ ಇತ್ತು, ಒಂದು ಬೇಸಿಗೆಯ ಮಧ್ಯಾಹ್ನ ಆ ಪರದೆಯ ಪಕ್ಕದಲ್ಲಿ ನಾನೂ ನನ್ನ ಅಕ್ಕನೂ ನಿಂತಿದ್ದೆವು. ಇಷ್ಟು ನಿಜ. ಉಳಿದದ್ದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಅಕ್ಕ ವರ್ಷಗಟ್ಟಲೆ ಹೇಳಿ ಹೇಳಿ ನನ್ನೊಳಗೆ ಕೂರಿಸಿದ್ದು, ಎಷ್ಟು ಆಮೇಲೆ ನೋಡಿದ ಬೇರೆ ಸಿನಿಮಾಗಳಿಂದ ಬಂದು ಸೇರಿಕೊಂಡದ್ದು, ಬೇರ್ಪಡಿಸಲು ನನ್ನಿಂದ ಆಗಿಲ್ಲ. ನಾನು ಓದಿದ್ದು ಇತಿಹಾಸ. ಒಂದು ಶಾಸನವನ್ನು ಮುಂದಿಟ್ಟರೆ ಅದರಲ್ಲಿ ಸುಳ್ಳು ಎಲ್ಲಿರಬಹುದೆಂದು ಮೊದಲು ಹುಡುಕುವ ಚಾಳಿ ಧಾರವಾಡದಲ್ಲಿ ಹತ್ತಿತು. ಆದರೆ ಶಾಸನ ಕಲ್ಲಿನ ಮೇಲಿರುತ್ತದೆ, ಮುಟ್ಟಿ ನೋಡಬಹುದು. ಈ ನೆನಪು ಟಾಕೀಜಿನ ಬೆಳಕಿನ ಕೋಲಿನೊಳಗೆ ತೇಲುತ್ತಿದ್ದ ಧೂಳಿನ ಹಾಗೆ. ಕೈ ಹಾಕಿದರೆ ಕೈ ಬೆಳ್ಳಗಾಗುತ್ತದೆ, ಧೂಳು ಸಿಗುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮ ಊರು ಔರಾದ ತಾಲ್ಲೂಕಿನದು. ಎರಡು ವರ್ಷ ಮೋಡಗಳು ಬಂದು ನಮ್ಮನ್ನು ನೋಡಿ ಹಾಗೇ ಮುಂದೆ ಹೋಗಿದ್ದವು. ಸರ್ಕಾರದವರು ಕೆರೆಯ ಹೂಳೆತ್ತುವ ಬರಗಾಲದ ಕೆಲಸ ತೆಗೆದಿದ್ದರು. ದಿನಾ ಬೆಳಿಗ್ಗೆ ಮೇಸ್ತ್ರಿ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ, ಕೂಗಿಸಿಕೊಂಡವರು ‘ಓ’ ಎನ್ನಬೇಕಿತ್ತು. ವಾರ ವಾರಕ್ಕೆ ಕೆಲವು ಹೆಸರುಗಳಿಗೆ ಯಾರೂ ಓಗೊಡುತ್ತಿರಲಿಲ್ಲ. ಅವರು ಪುಣೆಗೋ ಮುಂಬೈಗೋ ಹೈದರಾಬಾದಿಗೋ ಹೋಗಿರುತ್ತಿದ್ದರು. ಮೇಸ್ತ್ರಿ ಆ ಹೆಸರನ್ನು ಇನ್ನೊಮ್ಮೆ ಕೂಗಿ, ಒಣ ಕೆರೆಯ ಕಡೆ ನೋಡಿ, ಮುಂದಿನ ಹೆಸರಿಗೆ ಹೋಗುತ್ತಿದ್ದ.

ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಮುಷ್ಕರದಿಂದ ತರಗತಿಗಳು ನಿಂತದ್ದರಿಂದ ಊರಿಗೆ ಬಂದಿದ್ದೆ. ಮನೆಯಲ್ಲಿ ಅವ್ವ, ಅಕ್ಕ. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಾಗಿಲಲ್ಲಿ ನಿಂತವರನ್ನು ಧ್ವನಿಯಿಂದ ಗುರುತಿಸುತ್ತಿದ್ದಳು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆಯಿಂದ ತಿರುಗಿ ಬಂದವಳು. ನಾಲ್ವರು ಹಿರಿಯರು ಕೂತು ಸಂಬಂಧ ಮುಗಿಸಿದ ದಿನ ಆ ಮನೆಯವರು ನಾವು ಕೊಟ್ಟ ಪಾತ್ರೆಗಳನ್ನೂ, ಅಳಿಯನಿಗೆ ಕೊಟ್ಟ ಕೈಗಡಿಯಾರವನ್ನೂ ಒಂದು ಚೀಲದಲ್ಲಿ ಹಾಕಿ ವಾಪಸು ಕಳಿಸಿದರು. ನಾನು ಧಾರವಾಡಕ್ಕೆ ಹೊರಟಾಗ ಅಕ್ಕ ಆ ಗಡಿಯಾರವನ್ನು ನನ್ನ ಕೈಗೆ ಕಟ್ಟಿದಳು.

"ಅವನ ಕೈಯಾಗ ಇದು ನಡೀಲಿಲ್ಲ. ನಿನ್ನ ಕೈಯಾಗ ನಡೀತದ ನೋಡು," ಎಂದಿದ್ದಳು.

ಬಿಳಿಯ ಮುಖ, ಕಪ್ಪು ಮುಳ್ಳು, ಕೂದಲೆಳೆಯಷ್ಟು ತೆಳ್ಳಗಿನ ಸೆಕೆಂಡಿನ ಮುಳ್ಳು. ನಮ್ಮ ಓಣಿಯಲ್ಲಿ ಇನ್ನಾರ ಕೈಯಲ್ಲೂ ಗಡಿಯಾರ ಇರಲಿಲ್ಲ.

ಆ ತಿಂಗಳುಗಳಲ್ಲಿ ಊರಿನವರು ಯಾರಾದರೂ ಹೊರಟರೆ ಅವರನ್ನು ಭಾಲ್ಕಿಯತನಕ ಬಿಟ್ಟುಬರುವುದು ಒಂದು ರೂಢಿಯಾಗಿತ್ತು. ಬೆಳಿಗ್ಗೆ ಬಸ್ಸಿಗೆ ಹತ್ತಿ ಭಾಲ್ಕಿಯಲ್ಲಿಳಿದು ಸ್ಟೇಶನ್ನಿನಲ್ಲಿ ಗಂಟುಗಳನ್ನು ಸಾಲಾಗಿಟ್ಟರೆ ಪರಳಿ ಕಡೆಯ ಗಾಡಿ ಬರುವುದು ಮಧ್ಯಾಹ್ನ ಮೂರರ ಮೇಲೆ. ನಡುವಿನ ಹೊತ್ತನ್ನು ಏನು ಮಾಡುವುದು? ಬೇವಿನ ಮರಗಳೂ ಎಲೆ ಉದುರಿಸಿ ನಿಂತ ಕಾಲ. ನೆರಳು ಎಂಬುದು ಇದ್ದದ್ದು ಟಾಕೀಜಿನ ಗೋಡೆಗೆ ಮಾತ್ರ.

ಆ ಟಾಕೀಜಿನ ಬಾಗಿಲು ಕಾಯುತ್ತಿದ್ದವರು ಒಬ್ಬ ಮುದುಕರು, ಎಲ್ಲರಿಗೂ ಚಾಚಾ. ಅವರದೊಂದು ಪದ್ಧತಿ. ಮ್ಯಾಟಿನಿ ಆಟದಲ್ಲಿ ಸಿನಿಮಾ ಮಾಡಿದವರ ಹೆಸರುಗಳು ತೆರೆಯ ಮೇಲೆ ಬರುವತನಕ, ಬಂದು ಮುಗಿಯುವತನಕ, ತಡವಾಗಿ ಬರುವವರಿಗಾಗಿ ಹಿಂಬಾಗಿಲಿನ ಕಪ್ಪು ಪರದೆ ಎತ್ತಿಯೇ ಇರುತ್ತಿತ್ತು. ಗಾಡಿಗೆ ಕಾಯುವ ಮಂದಿ ಬಂದು ನೆರಳಿಗೆಂದು ಗೋಡೆಗೆ ಆತುಕೊಂಡಾಗ ಚಾಚಾ ಅವರನ್ನು ಒಳಗೆ ಕರೆದು ಪರದೆಯ ಬಳಿ ನಿಲ್ಲಿಸುತ್ತಿದ್ದರು.

"ನಾಮ್ ನೋಡ್ರಿ, ಪುಕ್ಕಟ್. ನಾಮ್ ಖತಮ್ ಆತಂದ್ರ ಹೊರಗ. ಮುಂದಿಂದು ನೋಡಬೇಕಂದ್ರ ಟಿಕೀಟ್."

ಕೊನೆಯ ಹೆಸರು, ಅಂದರೆ ನಿರ್ದೇಶಕನ ಹೆಸರು, ಬಂದು ಹೋದ ಕೂಡಲೇ ಚಾಚಾ ಪರದೆ ಇಳಿಸುತ್ತಿದ್ದರು. ನಾವು ಬಿಸಿಲಿಗೆ ಬೀಳುತ್ತಿದ್ದೆವು. ಅಲ್ಲಿಂದ ಸ್ಟೇಶನ್ನಿಗೆ ನಿಧಾನವಾಗಿ ನಡೆದರೆ, ಪ್ಲಾಟ್‌ಫಾರ್ಮಿನ ಮೇಲೆ ಗಂಟನ್ನು ತಲೆಗೇರಿಸುವಷ್ಟು ಸಮಯ ಉಳಿದಿರುತ್ತಿತ್ತು, ಆಮೇಲೆ ಗಾಡಿ. ಹೀಗೆ ನಮ್ಮ ಕಡೆಯ ಮಂದಿಗೆ ಆ ಹೆಸರುಗಳೇ ಗಡಿಯಾರವಾದವು. ‘ಹೆಸರು ಮುಗೀತು, ನಡೀರಿ’ ಎಂದರೆ ಸಾಕು, ಯಾರೂ ಗಂಟೆ ಕೇಳುತ್ತಿರಲಿಲ್ಲ. ಒಮ್ಮೆಯೂ ತಪ್ಪಿರಲಿಲ್ಲ.

ನಾನೂ ಅಕ್ಕನೂ ಹೀಗೆ ಆರೋ ಏಳೋ ಸಿನಿಮಾಗಳ ಹೆಸರುಗಳನ್ನು ನೋಡಿದೆವು. ಒಂದು ಸಿನಿಮಾವನ್ನೂ ನೋಡಲಿಲ್ಲ. ಆ ಟಾಕೀಜಿಗೆ ಬರುತ್ತಿದ್ದವು ಹೆಚ್ಚಾಗಿ ಹೊಡೆದಾಟದ, ಕಳ್ಳಸಾಗಣೆಯ, ಬೆನ್ನಟ್ಟುವ ಹಿಂದಿ ಚಿತ್ರಗಳು. ಈಗ ಯೋಚಿಸಿದರೆ ಅಂಥ ಚಿತ್ರದ ಹೆಸರುಗಳ ಭಾಗವೇ ಒಂದು ಬೇರೆ ಕಸುಬು ಎನಿಸುತ್ತದೆ. ಅಲ್ಲಿ ಮುಖ ಕಾಣುವುದಿಲ್ಲ. ಕೈ ಕಾಣುತ್ತದೆ, ಕೈಗವಸು ಕಾಣುತ್ತದೆ, ಬೂಟು ಕಾಣುತ್ತದೆ, ಕಾರಿನ ಚಕ್ರ ಕಾಣುತ್ತದೆ. ಯಾರದೋ ಬೆರಳು ತಿಜೋರಿಯ ಗುಂಡಿಯನ್ನು ತಿರುಗಿಸುತ್ತದೆ, ಇನ್ನೇನು ತೆರೆಯಬೇಕು, ಅಷ್ಟರಲ್ಲಿ ಚಿತ್ರ ಹಾಗೇ ನಿಂತುಬಿಡುತ್ತದೆ, ಕೆಂಪಾಗುತ್ತದೆ, ಮೂಲೆಯಲ್ಲಿ ಒಂದು ಹೆಸರು ಮೂಡುತ್ತದೆ. ಹೆಸರು ಅಳಿಸುವತನಕ ಆ ಬೆರಳು ಗಾಳಿಯಲ್ಲೇ ಕಾಯಬೇಕು, ನಾವೂ ಕಾಯಬೇಕು. ಕೆಳಗೆ ಡೋಲು ಮಾತ್ರ ನಿಲ್ಲುವುದಿಲ್ಲ. ಏನೋ ಶುರುವಾಗಿದೆ ಎಂದು ಗೊತ್ತು, ಏನೆಂದು ಯಾರೂ ಹೇಳುವುದಿಲ್ಲ. ಹೇಳಬೇಕಾದವರು ನಡುನಡುವೆ ಸಂಭಾಷಣೆ ಬರೆದವರ, ಬಣ್ಣ ಹಚ್ಚಿದವರ, ಬಟ್ಟೆ ಹೊಲಿದವರ ಹೆಸರು ಹೇಳುತ್ತ ಕೂರುತ್ತಾರೆ. ಹೆದರಿಕೆಯನ್ನು ಹೀಗೆ ತುಣುಕು ತುಣುಕಾಗಿ ಕೊಟ್ಟರೆ ಅದು ಬೆಳೆಯುತ್ತದೆ.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ನಾನು ಪಿಸುಗುಟ್ಟುತ್ತ ಓದಿ ಹೇಳುತ್ತಿದ್ದೆ.

"ಇದ್ಯಾರ್ದೋ?"

"ಫೈಟ್ ಮಾಡ್ಸಿದಾವಂದು."

"ಇಷ್ಟ ಸಣ್ಣ ಅಕ್ಷರದಾಗ? ಬಡಿಸ್ಕೊಂಡಾವಂದು ಇನ್ನಾ ಸಣ್ಣದ ಇರ್ಬೇಕು."

ಇನ್ನೊಮ್ಮೆ ನಿಂತ ಚಿತ್ರವನ್ನು ನೋಡುತ್ತ, "ಇವ್ರು ಇಲ್ಲಿ ಹೆಸರು ಓದ್ಕೋತ ನಿಂತ್ರ ಅಲ್ಲಿ ಕಳ್ಳ ಓಡಿ ಹೋಗ್ತಾನಲ್ಲೋ," ಎಂದಳು. ಮುಂದೆ ಕುರ್ಚಿಯಲ್ಲಿ ಕೂತವರು ತಿರುಗಿ ನೋಡಿ ನಕ್ಕರು.

ಮರುದಿನ ಕೆರೆಯ ಕೆಲಸದಲ್ಲಿ ಬುಟ್ಟಿ ಹೊರುವ ಹೆಂಗಸರಿಗೆ ಅಕ್ಕ ಇಡೀ ಸಿನಿಮಾದ ಕತೆ ಹೇಳುತ್ತಿದ್ದಳು. ನೋಡಿದ್ದು ಬೂಟು, ಕೈಗವಸು, ತಿಜೋರಿ ಅಷ್ಟೇ. ಉಳಿದದ್ದನ್ನೆಲ್ಲ ತಾನೇ ಕಟ್ಟುತ್ತಿದ್ದಳು. ಯಾವ ಕತೆಯಲ್ಲೂ ಮದುವೆ ಇರುತ್ತಿರಲಿಲ್ಲ. ಕೊನೆಗೆ ಒಬ್ಬಾಕೆ ಪೆಟ್ಟಿಗೆ ಹಿಡಿದುಕೊಂಡು ಗಾಡಿ ಹತ್ತುತ್ತಿದ್ದಳು. "ಮುಂದ?" ಎಂದು ಹೆಂಗಸರು ಕೇಳಿದರೆ, "ಮುಂದ ಏನದ, ಗಾಡಿ ಹೋತು," ಎನ್ನುತ್ತಿದ್ದಳು. ಬಿಸಿಲಿನಲ್ಲಿ ನೀರಿನಂತೆ ನಡುಗುವ ಕೆರೆಯ ತಳ, ಅದರೊಳಗೆ ಬುಟ್ಟಿ ಹೊತ್ತು ತೇಲುವ ಹಾಗೆ ನಡೆಯುತ್ತಿದ್ದ ಹೆಂಗಸರ ಸಾಲು, ಆ ಸಾಲಿನಿಂದ ಬರುವ ಅಕ್ಕನ ಧ್ವನಿ. ಇದನ್ನು ನಾನು ದಡದಲ್ಲಿ ಕೂತು ಕೇಳಿದ್ದೆನೆ, ಅಥವಾ ಅಕ್ಕ ಹೇಳಿದ್ದನ್ನು ಕೇಳಿ ನಾನೇ ದಡದಲ್ಲಿ ಹೋಗಿ ಕೂತೆನೆ, ತಿಳಿಯದು.

ಹೀಗಿರುವಾಗ ಒಂದು ದಿನ ಅಕ್ಕ ತಾನೂ ಹೋಗುವುದಾಗಿ ಹೇಳಿದಳು. ಮೆಹಕರ ಕಡೆಯ ಒಬ್ಬ ಮುಕಾದಮ, ಎಂದರೆ ಕೂಲಿಯ ತಂಡ ಕಟ್ಟಿ ಕರೆದೊಯ್ಯುವವನು, ಪುಣೆಯ ಹತ್ತಿರ ಕಾಲುವೆ ಕೆಲಸಕ್ಕೆ ಇಪ್ಪತ್ತು ಮಂದಿಯನ್ನು ಕೂಡಿಸುತ್ತಿದ್ದ. ಅದರಲ್ಲಿ ಅಕ್ಕನ ಹೆಸರೂ ಸೇರಿತು.

ಅವಳು ಹೋದರೆ ಕಣ್ಣು ಕಾಣದ ಅವ್ವನ ಜೊತೆ ನಾನು ಉಳಿಯಬೇಕು. ಮುಷ್ಕರ ಇಂದೋ ನಾಳೆಯೋ ಮುಗಿಯುವಂತಿತ್ತು, ಪರೀಕ್ಷೆ ಹತ್ತಿರ ಬಂದಿತ್ತು. ಆ ವರ್ಷದ ಪರೀಕ್ಷೆ ಬಿಡುತ್ತೇನೆ, ಮುಂದಿನ ವರ್ಷ ಬರೆಯುತ್ತೇನೆ ಎಂದು ನಾನು ಒಪ್ಪಿಕೊಂಡೆ. ಒಳ್ಳೆಯ ಧ್ವನಿಯಲ್ಲಿಯೇ ಒಪ್ಪಿಕೊಂಡೆ. ಮುಂದಿನ ವರ್ಷ ಎಂಬುದು ಬಂದರೂ ನನ್ನನ್ನು ಹುಡುಕಿಕೊಂಡು ನಮ್ಮೂರಿಗೆ ಬರಲಾರದು ಎಂದು ಒಳಗೊಳಗೆ ಗೊತ್ತಿತ್ತು. ಊರಿನಲ್ಲಿ ಹಾಗೆ ಉಳಿದುಹೋದ ಇಬ್ಬರು ಮೂವರು ಓದಿದವರಿದ್ದರು, ಚಾವಡಿಯ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಓದುತ್ತಿದ್ದರು.

ಹೊರಡುವ ದಿನ ಅವ್ವ ಕೈಯಿಂದ ತಡವಿ ಅಕ್ಕನ ಹಣೆಯನ್ನು ಹುಡುಕಿ ವಿಭೂತಿ ಹಚ್ಚಿದಳು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಬಳಿ ಕೂತಳು. ಹೊರಗೆ ಹೊಲಗಳು ಬಿರಿದು ಬೂದಿ ಬಣ್ಣಕ್ಕೆ ತಿರುಗಿದ್ದವು. ಅವಳು ಅವನ್ನು ನೋಡುತ್ತಿರಲಿಲ್ಲ.

"ಅಲ್ಲಿ ಯಾರೂ ನಂಗ ಗಂಡ ಎಲ್ಲಿದ್ದಾನ ಅಂತ ಕೇಳಂಗಿಲ್ಲ," ಎಂದಳು. "ಬರೇ ಎಷ್ಟ ಬುಟ್ಟಿ ಹೊತ್ತಿ ಅಂತ ಕೇಳ್ತಾರ. ಅದಕ್ಕ ನನ್ಹತ್ರ ಜವಾಬದ."

ಇಷ್ಟು ಮಾತು ಮಾತ್ರ ನನಗೆ ಅನುಮಾನವಿಲ್ಲದೆ ನೆನಪಿದೆ. ಬಸ್ಸಿನ ಸದ್ದಿನಲ್ಲಿ ಅವಳು ಅದನ್ನು ಎರಡು ಸಲ ಹೇಳಬೇಕಾಯಿತು.

ಸ್ಟೇಶನ್ನಿನಲ್ಲಿ ಮುಕಾದಮ ತಲೆ ಎಣಿಸಿ ಗಂಟುಗಳನ್ನು ಒಂದೆಡೆ ಇರಿಸಿದ. ಅಕ್ಕನ ಗಂಟಿನಲ್ಲಿ ಒಂದು ಕೌದಿ, ಒಂದು ತಾಟು, ಎರಡು ದಿನಕ್ಕಾಗುವಷ್ಟು ಕಟಕ ರೊಟ್ಟಿ. ಅವಳು ಅದನ್ನು ಒಬ್ಬ ಹೆಂಗಸಿನ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ನಡಿಯೋ ತಮ್ಮಾ, ಕಡೀಸಲ ಹೆಸರು ನೋಡ್ಕೊಂಡು ಬರೂಣು."

ಮುಕಾದಮ ನಕ್ಕ. "ಹೋಗವ್ವಾ, ಆದ್ರ ಗಾಡಿ ನಂದಲ್ಲ, ನಿಂದ್ರಸಾಕ ಬರಂಗಿಲ್ಲ. ಇವತ್ತ ಹತ್ತಲಾರದವ್ರು ನಾಳಿ ಬಂದ್ರ ಅಲ್ಲಿ ತಗೋಳಂಗಿಲ್ಲ, ಮೊದ್ಲ ಹೇಳೇನಿ."

"ಹೆಸರು ಮುಗಿದ ಮ್ಯಾಲ ಎಂದರ ತಪ್ಪೇದೇನ್ರಿ ಗಾಡಿ?" ಎಂದಳು ಅಕ್ಕ.

ಟಾಕೀಜಿನಲ್ಲಿ ಅಂದು ಹೊಸ ಚಿತ್ರ. ನಮ್ಮೊಡನೆ ಪರದೆಯ ಬಳಿ ಬೇರೆ ಊರಿನ ಒಬ್ಬ ಹಿರಿಯ ನಿಂತಿದ್ದ, ಅವನೂ ಅದೇ ಗಾಡಿಗೆ ಹೋಗುವವನು. ಮೊದಲು ಸರ್ಕಾರದ ವಾರ್ತಾಚಿತ್ರ ಬಂತು. ಆಮೇಲೆ ಸೆನ್ಸಾರಿನ ಸರ್ಟಿಫಿಕೇಟು. ಅದು ಬಂದರೆ ಅದರ ಬೆನ್ನಿಗೇ ಹೆಸರುಗಳು. ನಾನು ಓದಲು ಸಿದ್ಧನಾದೆ.

ಹೆಸರು ಬರಲಿಲ್ಲ. ಮಳೆ ಬಂತು.

ತೆರೆಯ ತುಂಬ ಮಳೆ. ಒಂದು ಪಟ್ಟಣದ ಬೀದಿ, ಕಲ್ಲುಹಾಸಿನ ಮೇಲೆ ನೀರು ಹರಿಯುತ್ತಿದೆ, ಚರಂಡಿಗಳು ತುಂಬಿ ಉಕ್ಕುತ್ತಿವೆ. ಎರಡು ವರ್ಷದಿಂದ ಮಳೆಯ ಸದ್ದನ್ನೇ ಕೇಳದವರು ನಾವು. ತಗಡಿನ ಮಾಡಿನ ಕೆಳಗೆ ಆ ಸದ್ದು ಎಲ್ಲ ಕಡೆಯಿಂದ ಬಂದಂತಾಯಿತು. ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನೆನೆಯದಿರಲೆಂದು ಎಳೆದುಕೊಂಡಳು ಎಂದು ನಾನು ಹೇಳುತ್ತೇನೆ. ಹಾಗೇನಿಲ್ಲ, ಚಾಚಾ ಪಕ್ಕದಲ್ಲಿ ಬಂದು ನಿಂತದ್ದಕ್ಕೆ ಎಂದು ಅಕ್ಕ ಹೇಳುತ್ತಾಳೆ.

ಆ ಮಳೆಯಲ್ಲಿ ಒಂದು ಜೊತೆ ಬೂಟು ನಡೆದು ಬಂತು. ಪಕ್ಕದಲ್ಲಿ ತೂಗುವ ಒಂದು ಪೆಟ್ಟಿಗೆ. ಹಿಂದೆ ಇನ್ನೊಂದು ಜೊತೆ ಬೂಟು. ಮೊದಲನೆಯವು ನಿಂತರೆ ಇವೂ ನಿಲ್ಲುತ್ತವೆ. ಯಾರದೋ ಖಾಲಿ ಕೋಣೆಯಲ್ಲಿ ಟೆಲಿಫೋನು ಗಣಗಣಿಸುತ್ತದೆ, ಎತ್ತುವವರಿಲ್ಲ. ಮತ್ತೆ ಬೀದಿ. ರೈಲಿನ ಸೇತುವೆ, ಕೆಳಗೆ ಹಾದು ಹೋಗುವ ಚಕ್ರಗಳು. ಡೋಲು ಇನ್ನೂ ಬಡಿಯಲು ಶುರುವಾಗಿಲ್ಲ, ಮಳೆಯೇ ಡೋಲು. ಹೀಗೆ ಕತೆಯನ್ನು ಮೊದಲು ಓಡಿಸಿಬಿಟ್ಟು ಹೆಸರುಗಳನ್ನು ಆಮೇಲೆ ತೋರಿಸುವ ಹೊಸ ಪದ್ಧತಿ ಆಗಷ್ಟೇ ಬಂದಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅಂದು ಆ ಟಾಕೀಜಿನಲ್ಲಿ ಅದು ಚಾಚಾ ಅವರಿಗೂ ಗೊತ್ತಿರಲಿಲ್ಲ. ಅವರು ಪರದೆಯ ಹಗ್ಗ ಹಿಡಿದು, ಹೆಸರು ಬಂದಾವು ಎಂದು ಕಾಯುತ್ತ ನಿಂತಿದ್ದರು.

ಕುರ್ಚಿಯಲ್ಲಿ ಕೂತವರಿಗೆ ಒಂದೇ ಆತಂಕ, ಆ ಪೆಟ್ಟಿಗೆಯಲ್ಲಿ ಏನಿದೆ ಎಂದು. ನಿಂತವರಿಗೆ ಇನ್ನೊಂದು ಇರಬೇಕಿತ್ತು. ಆದರೆ ನಿಂತವರಿಗೆ ಧೈರ್ಯವಿತ್ತು, ಹೆಸರು ಬಂದಿಲ್ಲವಲ್ಲ ಎಂಬ ಧೈರ್ಯ. ಆ ಹಿರಿಯ ಮಾತ್ರ ಚಡಪಡಿಸಿದ.

"ಇದು ಯಾಕೋ ಬ್ಯಾರೆ ಅನಸ್ತದ. ನಾ ಹೋಗ್ತೇನಿ ನೋಡವ್ವಾ."

"ಹೆಸರ ಬಂದಿಲ್ಲಲ್ರಿ ಕಾಕಾ, ಇನ್ನಾ ಟೈಮ್ ಅದ," ಎಂದಳು ಅಕ್ಕ, ತೆರೆಯಿಂದ ಕಣ್ಣು ತೆಗೆಯದೆ. ಅವನು ಹೋದ.

ಇಲ್ಲಿ ನನ್ನ ನೆನಪು ಎರಡಾಗಿ ಸೀಳುತ್ತದೆ. ಒಂದರಲ್ಲಿ ಅಕ್ಕ ನನ್ನ ಕಡೆ ಸ್ವಲ್ಪ ವಾಲಿ, "ಟೈಮ್ ಅದ ಹೌದಲ್ಲೋ?" ಎನ್ನುತ್ತಾಳೆ, ನಾನು "ಅದ" ಎನ್ನುತ್ತೇನೆ. ಇನ್ನೊಂದರಲ್ಲಿ ಅವಳು ಏನೂ ಕೇಳುವುದಿಲ್ಲ, ನಾನು ಏನೂ ಹೇಳುವುದಿಲ್ಲ, ಮಳೆ ಮಾತ್ರ ಬೀಳುತ್ತದೆ. ಎರಡರಲ್ಲೂ ಸಮಾನವಾಗಿರುವುದು ಒಂದು ಗಡಿಯಾರ. ಟೆಲಿಫೋನಿಗೂ ಸೇತುವೆಗೂ ನಡುವೆ ಎಲ್ಲೋ ಒಂದು ಕೈಗಡಿಯಾರ ಕಾಣುತ್ತದೆ. ಬಹಳ ಹತ್ತಿರದಿಂದ, ಕಣ್ಣು ತುಂಬುವಷ್ಟು ದೊಡ್ಡದಾಗಿ. ಬಿಳಿಯ ಮುಖ, ಅದರ ಮೇಲೆ ಮಳೆಯ ನೀಲಿ ಬೆಳಕು ಅಲುಗುತ್ತಿದೆ. ಮೂರಕ್ಕೆ ಹತ್ತು ನಿಮಿಷ ಬಾಕಿ. ಸೆಕೆಂಡಿನ ಮುಳ್ಳು ಹೋಗುತ್ತಿದೆ.

ಆ ಹೊತ್ತಿಗೆ ಹೊರಟಿದ್ದರೆ ಗಾಡಿ ಸಿಗುತ್ತಿತ್ತು.

ಇದು ಚಿತ್ರದೊಳಗಿನ ಗಡಿಯಾರ, ಪೆಟ್ಟಿಗೆ ಹಿಡಿದವನದು, ಎಂದು ನಾನು ಯಾವಾಗಲೂ ತಿಳಿದಿದ್ದೆ. ಅಂಥ ಚಿತ್ರಗಳಲ್ಲಿ ಗಡಿಯಾರ ಇರಲೇಬೇಕಲ್ಲವೆ? ನೋಡುವವರ ಎದೆ ಹೊಡೆದುಕೊಳ್ಳುವಂತೆ ಮಾಡಲು ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಕೊನೆಗೆ ಸೇತುವೆಯ ಮೇಲಿಂದ ಪೆಟ್ಟಿಗೆ ಕೆಳಗೆ ಬಿತ್ತು, ಗಾಳಿಯಲ್ಲಿಯೇ ನಿಂತಿತು, ಇಡೀ ಚಿತ್ರ ಕೆಂಪಾಯಿತು, ಡೋಲು ಸಿಡಿಯಿತು, ಮೊದಲ ಹೆಸರು ಬಂತು.

"ಈಗ ಬಂದ್ವು ನೋಡು!" ಎಂದಳು ಅಕ್ಕ. ನೆಂಟರು ಬಂದಷ್ಟು ಸಂತೋಷ ಅವಳ ಧ್ವನಿಯಲ್ಲಿತ್ತು.

ನಾವು ಎಲ್ಲ ಹೆಸರುಗಳನ್ನೂ ನೋಡಿದೆವು. ನಾನು ಓದಿ ಹೇಳಿದೆ. ಚಾಚಾ ಪರದೆ ಇಳಿಸಿದರು. ಹೊರಗೆ ಬಿಸಿಲು ಬೆಳ್ಳಗೆ, ಮಳೆಯಿಂದ ಬಂದ ಕಣ್ಣಿಗೆ ರಸ್ತೆಯೇ ಕಾಣಲಿಲ್ಲ. ನಾವು ಓಡಲಿಲ್ಲ. ಪ್ರತಿ ಸಲದಂತೆ ನಿಧಾನವಾಗಿ ನಡೆದೆವು. ಪೆಟ್ಟಿಗೆಯಲ್ಲಿ ಏನಿತ್ತೆಂದು ಅಕ್ಕ ದಾರಿಯುದ್ದಕ್ಕೂ ಹೇಳುತ್ತಿದ್ದಳು, ಮೂರು ಸಲ ಬದಲಾಯಿಸಿದಳು. ಆ ದಾರಿಯಲ್ಲಿ ನಾನು ಒಮ್ಮೆಯೂ ನನ್ನ ಮಣಿಕಟ್ಟನ್ನು ನೋಡಲಿಲ್ಲ.

ಪ್ಲಾಟ್‌ಫಾರ್ಮು ಖಾಲಿ. ಹಳಿಗಳ ಮೇಲೆ ಬಿಸಿಲು ಕುಣಿಯುತ್ತಿತ್ತು. ಗಂಟುಗಳಿದ್ದ ಜಾಗದಲ್ಲಿ ಒಂದಿಷ್ಟು ರೊಟ್ಟಿಯ ಚೂರು, ಅದನ್ನು ಹೆಕ್ಕುವ ಗುಬ್ಬಿಗಳು. ಅಕ್ಕನ ಗಂಟೂ ಇರಲಿಲ್ಲ. ಬಂದೇ ಬರುತ್ತಾಳೆಂದು ನಂಬಿ ಆ ಹೆಂಗಸು ಅದನ್ನೂ ಗಾಡಿಗೆ ಏರಿಸಿದ್ದಳು.

ಅಕ್ಕ ಹಳಿಯ ಎರಡೂ ಕಡೆ ನೋಡಿದಳು.

"ಹೆಸರ ಈಗ ಮುಗದಾವಲ್ಲೋ," ಎಂದಳು. "ಗಾಡಿ ಹ್ಯಾಂಗ ಹೋತು?"

ಆಮೇಲೆ ಕಲ್ಲಿನ ಬೆಂಚಿನ ಮೇಲೆ ಕೂತು ನಕ್ಕಳು. ಬಹಳ ಹೊತ್ತು ನಕ್ಕಳು. ನಾನೂ ನಕ್ಕೆನೆಂದು ಕಾಣುತ್ತದೆ. ಸಂಜೆಯ ಬಸ್ಸಿಗೆ ನಾವು ಬರಿಗೈಯಲ್ಲಿ ಊರಿಗೆ ಮರಳಿದೆವು. ಅವ್ವ ಬಾಗಿಲಲ್ಲಿ ಎರಡು ಜೊತೆ ಹೆಜ್ಜೆಯ ಸದ್ದು ಕೇಳಿ, "ಯಾರ್ರಿ?" ಎಂದಳು.

ಮರುವಾರ ಕೆರೆಯ ಕೆಲಸದಲ್ಲಿ ಮೇಸ್ತ್ರಿ ಅಕ್ಕನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿಕೊಂಡ. ಹದಿನೈದು ದಿನಕ್ಕೆ ಮುಷ್ಕರ ಮುಗಿಯಿತು, ನಾನು ಧಾರವಾಡಕ್ಕೆ ಹೋದೆ. ಪರೀಕ್ಷೆ ಬರೆದೆ, ಪಾಸಾದೆ, ಬೀದರಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅವ್ವನನ್ನೂ ಅಕ್ಕನನ್ನೂ ಅಲ್ಲಿಗೆ ಕರೆದುಕೊಂಡು ಬಂದೆ. ಕೇಳುವವರಿಗೆ ಇದು ತಮ್ಮನೊಬ್ಬ ಅಕ್ಕನನ್ನು ಸಾಕಿದ ಕತೆ. ಅಕ್ಕ ನನ್ನ ಮನೆಯ ಅಡಿಗೆ ಮಾಡಿದಳು, ನನ್ನ ಮಗಳನ್ನು ಬೆಳೆಸಿದಳು. ಬಂದ ನೆಂಟರು ಅವಳನ್ನು ಗಂಡನ ವಿಷಯ ಕೇಳುವುದನ್ನು ಮಾತ್ರ ಯಾವ ವರ್ಷವೂ ಬಿಡಲಿಲ್ಲ.

ಮಳೆ ಬಂದ ವರ್ಷ ಪುಣೆಯಿಂದ ಆ ಗಂಟು ವಾಪಸು ಬಂದಿತ್ತು. ಕೌದಿ ಬಳಸಿ ಬಳಸಿ ಮೆತ್ತಗಾಗಿತ್ತು, ಬೇರೆ ಯಾರದೋ ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ಅಕ್ಕ ಅದನ್ನು ಒಗೆಯದೆ ಬಹಳ ದಿನ ಹೊದ್ದಳು.

"ನಾ ಹೋಗಲಿಲ್ಲ, ನನ್ನ ಕೌದಿ ಪುಣೆ ನೋಡ್ಕೊಂಡು ಬಂತು," ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಕೆಲವು ವರ್ಷದ ಹಿಂದೆ ಇನ್ನೊಂದು ಬರ ಬಂತು. ಬೀದರಿನ ನಮ್ಮ ಓಣಿಗೆ ವಾರಕ್ಕೆ ಎರಡು ಸಲ ಟ್ಯಾಂಕರು. ಊರ ಹೊರಗಿನ ಕೊಳಾರದ ಕಾರ್ಖಾನೆಗಳ ಕಡೆಗೆ ಬೆಳಿಗ್ಗೆ ಹಳ್ಳಿಗಳಿಂದ ಟೆಂಪೋ ತುಂಬ ಮಂದಿ ಹೋಗುತ್ತಿದ್ದರು, ಹೆಂಗಸರ ಮಡಿಲಲ್ಲಿ ಗಂಟುಗಳು. ನಾನು ನಿವೃತ್ತನಾಗಿದ್ದೆ. ಮಧ್ಯಾಹ್ನ ಅಕ್ಕ ಟಿವಿಯ ಮುಂದೆ ಕೂರುತ್ತಿದ್ದಳು. ಸಿನಿಮಾ ಶುರುವಾದರೆ ಹೆಸರುಗಳನ್ನು ಪೂರ್ತಿ ನೋಡುತ್ತಿದ್ದಳು, ಅವು ಮುಗಿದ ಕೂಡಲೇ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ನನ್ನ ಮಗಳು ಇದಕ್ಕೆ ಎಷ್ಟು ಚಾಷ್ಟಿ ಮಾಡಿದರೂ ಬಿಟ್ಟಿರಲಿಲ್ಲ.

ಹಾಗೊಂದು ಮಧ್ಯಾಹ್ನ ಹೆಸರು ಮುಗಿದರೂ ಅವಳು ಏಳಲಿಲ್ಲ.

"ಅವತ್ತ ನಿನ್ನ ಕೈಯಾಗ ವಾಚಿತ್ತಲ್ಲೋ?" ಎಂದಳು.

"ಯಾವತ್ತ?" ಎಂದೆ. ಯಾವತ್ತೆಂದು ನನಗೆ ಗೊತ್ತಿತ್ತು.

"ಭಾಲ್ಕ್ಯಾಗ."

"ಇತ್ತು."

"ನೋಡ್ಲಿಲ್ಲೇನು?"

"ಸಿನಿಮಾದಾಗ ಒಂದು ವಾಚ್ ತೋರ್ಸಿದ್ರಲ್ಲಕ್ಕಾ, ದೊಡ್ಡದು. ಅದ್ನ ನೋಡ್ಕೋತ ನಿಂತಿದ್ದೆ. ನಿಂಗ ನೆನಪಿಲ್ಲೇನು?"

ಅಕ್ಕ ಯೋಚಿಸಿದಳು. ಬೆರಳು ಮಡಿಚುತ್ತ ಎಣಿಸಿದಳು. "ಬೂಟು ನೆನಪದ. ಪೆಟಗಿ ನೆನಪದ. ಫೋನ್ ನೆನಪದ. ಗಾಲಿ ನೆನಪದ, ಮಳಿ ಅಂತೂ ಖರೇನ ನೆನಪದ. ವಾಚ್ ಇದ್ದಿದ್ದಿಲ್ಲೋ ತಮ್ಮಾ."

"ಇತ್ತು."

"ಇದ್ದೀತು ಬಿಡು," ಎಂದು ಎದ್ದಳು. "ನೀ ಓದಿದಾವ."

ಅವಳ ಆ ಎರಡು ಮಾತು ನನ್ನನ್ನು ಕೆಲವು ದಿನ ಕೂರಗೊಡಲಿಲ್ಲ. ಓದಲು ಬಾರದ ಅವಳು ಬೂಟು, ಕೈಗವಸು ಯಾವುದನ್ನೂ ತಪ್ಪದೆ ನೆನಪಿಟ್ಟು ಕತೆ ಕಟ್ಟಿದವಳು. ನಾನು ಅಕ್ಷರಗಳನ್ನು ಓದುತ್ತ ಚಿತ್ರ ಕಾಣದವನು. ನಮ್ಮಿಬ್ಬರಲ್ಲಿ ಯಾರ ಸಾಕ್ಷಿ ಗಟ್ಟಿ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದರೆ ನಾನು ಒಂದು ನಿಮಿಷವೂ ಯೋಚಿಸುತ್ತಿರಲಿಲ್ಲ.

ಮಗಳಿಗೆ ಚಿತ್ರದ ಹೆಸರು ಹೇಳಿದೆ. ಅವಳು ತನ್ನ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದು ಕೊಟ್ಟು ಹೋದಳು. ಬಾಗಿಲು ಮುಚ್ಚಿ ಕೂತೆ. ಸರ್ಟಿಫಿಕೇಟು ಬಂತು, ಮಳೆ ಬಂತು. ಬಣ್ಣ ಮಾಸಿತ್ತು, ಬೀದಿ ನಾನು ನೆನೆದದ್ದಕ್ಕಿಂತ ಚಿಕ್ಕದಿತ್ತು. ಬೂಟು ಬಂತು, ಪೆಟ್ಟಿಗೆ ಬಂತು, ಟೆಲಿಫೋನು ಗಣಗಣಿಸಿತು. ನನ್ನ ಎದೆ ಅಂದಿನಂತೆಯೇ ಹೊಡೆದುಕೊಳ್ಳತೊಡಗಿತು, ಕಾರಣ ಮಾತ್ರ ಬೇರೆ. ಸೇತುವೆ ಬಂತು. ಪೆಟ್ಟಿಗೆ ಗಾಳಿಯಲ್ಲಿ ನಿಂತಿತು, ಕೆಂಪಾಯಿತು.

ಡೋಲಿನ ಸದ್ದು ಕೇಳಿ ಪಡಸಾಲೆಯಿಂದ ತೊಗರಿಬೇಳೆ ಆರಿಸುತ್ತಿದ್ದ ಅಕ್ಕ ಕೂಗಿದಳು. "ಹೆಸರ ಬಂದ್ವೇನೋ?"

"ಬಂದ್ವಕ್ಕಾ," ಎಂದೆ.

ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಟೆಲಿಫೋನಿನಿಂದ ಸೇತುವೆಯತನಕ ಒಂದೊಂದೇ ಚಿತ್ರವನ್ನು ನಿಲ್ಲಿಸಿ ಮೂರನೆಯ ಸಲ ನೋಡಿದೆ. ಆ ಸಿನಿಮಾದಲ್ಲಿ ಮಳೆಯ ಮೊದಲ ಹನಿಯಿಂದ ನಿರ್ದೇಶಕನ ಹೆಸರಿನವರೆಗೆ ಎಲ್ಲಿಯೂ, ಯಾರ ಕೈಯಲ್ಲಿಯೂ, ಗಡಿಯಾರವಿಲ್ಲ.